ಮಳೆಗಾಲದ ರಾತ್ರಿಗೂ ಬಟ್ಟೆ ಡೈಪರ್ ಆಗುತ್ತದೆ

ರಾತ್ರಿ ಹೊತ್ತು ಬಟ್ಟೆ ಡೈಪರ್ ತಡೆಯುವುದಿಲ್ಲ, ಸೋರಿ ಮಗು ಎದ್ದುಬಿಡುತ್ತದೆ ಎಂದು ಬಟ್ಟೆ ಡೈಪರ್ ಬಗ್ಗೆ ಬಂದ ಒಂದು ಲೇಖನದಲ್ಲಿ ಓದಿದೆ. ನನ್ನ ಅನುಭವ ಬೇರೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಗಳಿಗೆ ಈಗ ಹತ್ತು ತಿಂಗಳು. ಐದನೇ ತಿಂಗಳಿಂದ ರಾತ್ರಿಗೂ ಬಟ್ಟೆಯದ್ದೇ ಹಾಕುತ್ತಿದ್ದೇನೆ.

ಮೊದಮೊದಲು ನಮಗೂ ಸೋರಿತ್ತು. ಡೈಪರ್ ಒಳಗೆ ಮೈಕ್ರೋಫೈಬರ್ (ತೀರಾ ಸಣ್ಣ ಕೃತಕ ಎಳೆಗಳ ಬಟ್ಟೆ) ಪ್ಯಾಡ್ ಒಂದನ್ನೇ ಇಡುತ್ತಿದ್ದೆ. ಅದು ಬೇಗ ಹೀರುತ್ತದೆ, ಆದರೆ ಒತ್ತಿದರೆ ನೀರು ಬಿಟ್ಟುಬಿಡುತ್ತದೆ. ಮಗು ಮಗ್ಗುಲಾದರೆ ಸಾಕು, ತೊಡೆ ಹತ್ತಿರ ಒದ್ದೆ. ಈಗ ಅದರ ಕೆಳಗೆ ಅಮ್ಮನ ಹಳೇ ಹತ್ತಿ ಸೀರೆಯ ತುಂಡನ್ನು ಮಡಚಿ ಇಡುತ್ತೇನೆ. ಮೈಕ್ರೋಫೈಬರ್ ನೇರವಾಗಿ ಮೈಗೆ ತಾಗಬಾರದು, ಚರ್ಮ ಒಣಗಿಸುತ್ತದೆ. ಅದಕ್ಕೇ ಮೇಲೊಂದು ತೆಳು ಫ್ಲೀಸ್ (ಮೆತ್ತನೆಯ ಕೃತಕ ನೂಲಿನ) ಬಟ್ಟೆ. ಹೊಸ ಹತ್ತಿ ಬಟ್ಟೆಯಾದರೆ ನಾಲ್ಕೈದು ಸಲ ಒಗೆದ ಮೇಲೆಯೇ ಸರಿಯಾಗಿ ಹೀರುವುದು. ಫ್ಯಾಬ್ರಿಕ್ ಕಂಡೀಷನರ್ ಮಾತ್ರ ಬೇಡ, ಅದರ ಪದರ ಕೂತು ಹೀರುವ ಶಕ್ತಿಯೇ ಕಡಿಮೆಯಾಗುತ್ತದೆ.

ನಮ್ಮ ಕಡೆ ನಿಜವಾದ ಕಷ್ಟ ಒಣಗಿಸುವುದು. ಆಷಾಢದ ಮಳೆಯಲ್ಲಿ ದಪ್ಪ ಪ್ಯಾಡ್ ಮೂರು ದಿನವಾದರೂ ಒಣಗುವುದಿಲ್ಲ, ಅಲ್ವಾ? ತೆಳು ಸೀರೆ ಬಟ್ಟೆ ಬಚ್ಚಲೊಲೆಯ ಬಿಸಿಗೆ ಬೆಳಗಾಗುವುದರೊಳಗೆ ಗರಿಗರಿ. ಕಾರವಾರದ ಅಕ್ಕನ ಮನೆಯಲ್ಲಿ ಒಲೆ ಇಲ್ಲ, ಅವಳು ಫ್ಯಾನಿನ ಕೆಳಗೆ ಹರವುತ್ತಾಳೆ. ಮಗು ಕಕ್ಕ ಮಾಡಿದ್ದರೆ ಮಾತ್ರ ನಡುರಾತ್ರಿಯಾದರೂ ಬದಲಿಸಿ. ಮೈಮೇಲೆ ದದ್ದು ಇದ್ದಾಗಲೂ ಅಷ್ಟೇ, ಬೆಳಗಿನವರೆಗೆ ಬಿಡಬೇಡಿ.