ಸತ್ಯಾಂಶ: ರದ್ದಾದ ಕಾಯ್ದೆಗಳೆಲ್ಲ ಬ್ರಿಟಿಷರವೇ?

‘ಕೇಂದ್ರ ಸರ್ಕಾರ ರದ್ದುಪಡಿಸಿದ 1,500ಕ್ಕೂ ಹೆಚ್ಚು ಕಾಯ್ದೆಗಳೆಲ್ಲ ಬ್ರಿಟಿಷರು ಹೇರಿದವು, ಅವುಗಳಡಿ ದೊರೆತ ಹಕ್ಕುಗಳೂ ಇನ್ನು ಊರ್ಜಿತವಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ಸಂಖ್ಯೆಯೊಂದು ಸರಿ, ಉಳಿದದ್ದು ಸರಿಯಲ್ಲ.

2016ರಲ್ಲಿ ಒಂದೇ ಏಟಿಗೆ ರದ್ದಾದ 758 ಕಾಯ್ದೆಗಳು ಧನವಿನಿಯೋಗ ಕಾಯ್ದೆಗಳಾಗಿದ್ದವು. ಅಂದರೆ, ಸರ್ಕಾರದ ಆದಾಯ ಸೇರುವ ಖಜಾನೆಯಾದ ಸಂಚಿತ ನಿಧಿಯಿಂದ ಆಯಾ ವರ್ಷದ ಖರ್ಚಿಗೆ ಹಣ ತೆಗೆಯಲು 1950ರ ನಂತರ ನಮ್ಮದೇ ಗಣರಾಜ್ಯದಲ್ಲಿ ಅಂಗೀಕಾರವಾಗಿ, ವರ್ಷ ಮುಗಿದೊಡನೆ ಕೆಲಸ ಕಳೆದುಕೊಂಡರೂ ಪಟ್ಟಿಯಲ್ಲಿ ಉಳಿದುಕೊಂಡಿದ್ದವು. ಹಾಗೆಂದು ಬ್ರಿಟಿಷರ ಕಾಲದವು ಇರಲಿಲ್ಲವೆಂದಲ್ಲ: ಗಂಗಾನದಿಯಲ್ಲಿ ಸಾಗುವ ದೋಣಿಗಳಿಂದ ಆಣೆಗಳ ಲೆಕ್ಕದಲ್ಲಿ ಸುಂಕ ವಸೂಲಿಗೆ ಅವಕಾಶವಿತ್ತಿದ್ದ 1867ರ ಕಾಯ್ದೆ, ಆಣೆಯೇ ಚಲಾವಣೆಯಿಂದ ಹೋಗಿ ದಶಕಗಳಾದ ಮೇಲೆ, 2018ರಲ್ಲಷ್ಟೇ ಕಡತ ಬಿಟ್ಟಿತು.

ಹಕ್ಕುಗಳ ಬಗೆಗಿನ ಆತಂಕಕ್ಕೂ ಆಧಾರವಿಲ್ಲ. ರದ್ದುಪಡಿಸುವ ಕಾಯ್ದೆಯೇ ಬೇರೆ ರೀತಿ ಹೇಳದ ಹೊರತು, ಹಳೆಯ ಕಾಯ್ದೆಯಡಿ ಈಗಾಗಲೇ ಪ್ರಾಪ್ತವಾದ ಹಕ್ಕು, ಹೊಣೆ, ನಡೆಯುತ್ತಿರುವ ವ್ಯವಹರಣೆ ಯಾವುದಕ್ಕೂ ಬಾಧಕವಾಗದೆಂದು ಕೇಂದ್ರದ ಕಾಯ್ದೆಗಳನ್ನು ಅರ್ಥೈಸುವ ಸಾಮಾನ್ಯ ನಿಯಮಗಳಿರುವ 1897ರ ಸಾಮಾನ್ಯ ಖಂಡಗಳ ಕಾಯ್ದೆಯ (ಜನರಲ್ ಕ್ಲಾಸಸ್ ಆ್ಯಕ್ಟ್) 6ನೇ ಪ್ರಕರಣ ಹೇಳುತ್ತದೆ. (ಆ ಕಾಯ್ದೆಯೂ ಬ್ರಿಟಿಷರ ಕಾಲದ್ದೇ, ಇನ್ನೂ ಜಾರಿಯಲ್ಲಿದೆ.) ಪಟ್ಟಿ ಹಗುರವಾದದ್ದು ಒಳ್ಳೆಯದೇ, ಆದರೆ ಕಚೇರಿಯ ಕಿಟಕಿಯಲ್ಲಿ ಜನರನ್ನು ಕಾಯಿಸುವುದು ಇಂಥ ಸತ್ತ ಕಾಯ್ದೆಗಳಲ್ಲ, ಇಂದಿಗೂ ಜೀವಂತವಾಗಿರುವ ನಿಯಮಗಳು, ನಮೂನೆಗಳು ಮತ್ತು ಸುತ್ತೋಲೆಗಳು.