ಹತ್ತನೇ ತರಗತಿ ಬೋರ್ಡ್ ಪರೀಕ್ಷೆ ರದ್ದಾಗಿಲ್ಲ

‘ಹೊಸ ಶಿಕ್ಷಣ ನೀತಿಯಲ್ಲಿ ಹತ್ತನೇ ತರಗತಿಗೆ ಬೋರ್ಡ್ ಪರೀಕ್ಷೆ ಇಲ್ಲ, ಹನ್ನೆರಡಕ್ಕೆ ಮಾತ್ರ’ ಎಂಬ ವಾಟ್ಸಾಪ್ ಸಂದೇಶ ಮತ್ತೆ ಓಡಾಡುತ್ತಿದೆ. ಇದು ಸುಳ್ಳು.

2020ರ ಜುಲೈ 29ರಂದು ಕೇಂದ್ರ ಸಂಪುಟ ಒಪ್ಪಿದ ಆ ನೀತಿಯಲ್ಲಿ 10 ಮತ್ತು 12ನೇ ತರಗತಿಯ ಬೋರ್ಡ್ ಪರೀಕ್ಷೆ ಮುಂದುವರಿಯುತ್ತದೆ ಎಂದೇ ಬರೆದಿದೆ. ಬದಲಾಗಬೇಕು ಎಂದಿರುವುದು ಪರೀಕ್ಷೆಯ ರೀತಿ: ಬಾಯಿಪಾಠ ಕಡಿಮೆಯಾಗಲಿ, ಬೇಕಿದ್ದರೆ ವರ್ಷಕ್ಕೆ ಎರಡು ಸಲ ಬರೆಯಲಿ ಅಂತ. ಸಿಬಿಎಸ್‌ಇ ಹತ್ತನೇ ತರಗತಿಗೆ 2026ರಿಂದ ಎರಡು ಪರೀಕ್ಷೆ ತಂದಿದ್ದು ಇದೇ ದಾರಿಯಲ್ಲಿ. ಮೊದಲನೆಯದು ಕಡ್ಡಾಯ. ಎರಡನೆಯದು ಮುಖ್ಯವಾಗಿ ಅಂಕ ಸುಧಾರಿಸಿಕೊಳ್ಳುವವರಿಗೆ, ಅದೂ ಗರಿಷ್ಠ ಮೂರು ವಿಷಯಗಳಲ್ಲಿ.

ನಮ್ಮ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಕಥೆಯೇ ಬೇರೆ. ಪೂರಕ ಪರೀಕ್ಷೆಯ ಬದಲು 2024ರಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಮುಖ್ಯ ಪರೀಕ್ಷೆಗಳು ಬಂದವು. ಪಾಸಾದವರೂ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ರದ್ದು ಎಲ್ಲಿ ಬಂತು? ಅವಕಾಶವೇ ಜಾಸ್ತಿ ಆಯ್ತಲ್ವಾ!

ಸಂದೇಶದಲ್ಲಿರುವ, ಶಾಲೆಯ ವರ್ಷಗಳನ್ನು 5+3+3+4 ಎಂದು ನಾಲ್ಕು ಹಂತ ಮಾಡುವ ಮಾತು, ಎಂ.ಫಿಲ್ (ಪಿಎಚ್‌ಡಿಗೂ ಮುಂಚಿನ ಸಂಶೋಧನಾ ಪದವಿ) ನಿಲ್ಲಿಸುವ ಮಾತು ನಿಜವೇ. ಜನ ಸುಲಭವಾಗಿ ನಂಬಿದ್ದೂ ಅದಕ್ಕೇ ಇರಬೇಕು. ಮಕ್ಕಳಿಗೆ ‘ಈ ವರ್ಷ ಓದದಿದ್ದರೂ ನಡೆಯುತ್ತೆ’ ಅಂತ ಮಾತ್ರ ಸುಮ್ನೆ ಹೇಳಬೇಡಿ.