ಮೈಕ್ರೋಸ್ಕೋಪಿಗೆ ಕುಂಕುಮ

ನನ್ನ ತಂಗಿಯ ಮಗಳು ಬಿಎಸ್ಸಿ ಮುಗಿಸಿ ಬಿಎಡ್ ಓದುತ್ತಿದ್ದಾಳೆ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಬಿಎಡ್ ಎರಡು ವರ್ಷವಾಯಿತು. ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು, ಎರಡನೇ ವರ್ಷದಲ್ಲೇ 16 ವಾರ. ಕಾಗದದ ಮೇಲೆ ಬಲು ಚೆಂದದ ಏರ್ಪಾಟು. ಹೊಸಬರು ಅನುಭವಿ ಮೇಷ್ಟ್ರ ಪಕ್ಕ ನಿಂತು ಕಲಿಯುತ್ತಾರೆ, ಮೇಷ್ಟ್ರಿಗೂ ಕೈಗೊಂದು ಆಸರೆ. ವಿಜ್ಞಾನಕ್ಕಂತೂ ಇದು ಬೇಕೇ ಬೇಕು. ಒಬ್ಬರು ಬೀಕರ್ ಹಿಡಿದರೆ ಇನ್ನೊಬ್ಬರು ಹಿಂದಿನ ಬೆಂಚನ್ನು ಹಿಡಿಯಬೇಕಲ್ವಾ?

ಹುಡುಗಿ ಹೊಸ ಸೀರೆ ಉಟ್ಟು ಶಾಲೆಗೆ ಹೋದಳು. "ಸೈನ್ಸ್ ಮೇಷ್ಟ್ರು ಎಲ್ಲಿದ್ದಾರೆ ಸಾರ್?" ಅಂತ ಕೇಳಿದಳು.

ಹೆಡ್‌ಮಾಸ್ಟರು ಅವಳನ್ನೇ ಮೇಲಿಂದ ಕೆಳಗೆ ನೋಡಿದರಂತೆ. "ನೀವೇ ಅಲ್ವೇನಮ್ಮಾ?"

ಮೇಷ್ಟ್ರು ಇಲ್ಲದೆ ಇಲ್ಲ. ಇದ್ದಾರೆ, ಮತದಾರರ ಪಟ್ಟಿ ಹಿಡಿದು ಊರೊಳಗೆ ಇದ್ದಾರೆ. ಅದು ಮುಗಿದರೆ ತರಬೇತಿ, ತರಬೇತಿ ಮುಗಿದರೆ ಇನ್ಯಾವುದೋ ಪಟ್ಟಿ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ (ಜನ ಜಾತಿ ಗಣತಿ ಅಂದದ್ದು) ಶುರುವಾಯಿತಲ್ಲ, ಆಗ ಮೇಷ್ಟ್ರುಗಳೇ ಮನೆ ಮನೆ ತಿರುಗಿದ್ದು. ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಕರೆಂಟ್ ಮೀಟರ್ ನೋಡಿಕೊಂಡು ಮನೆ ಹುಡುಕಬೇಕಿತ್ತು. ಪಾಠದಲ್ಲಿ ಬರುವ ವಿದ್ಯುತ್ತನ್ನು ನಮ್ಮ ವಿಜ್ಞಾನ ಶಿಕ್ಷಕರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು.

"ಲ್ಯಾಬ್ ಇದೆಯಾ ಸಾರ್?"

"ಇದೆಯಮ್ಮಾ. ಬೀಗದ ಕೈ ಮಾತ್ರ ಇಲ್ಲ."

ನಾಲ್ಕನೇ ದಿನ ಬೀಗ ಒಡೆದರು. ಬೀರುವಿನಲ್ಲಿ ಏನೇನಿತ್ತು ಅಂತ ಅವಳು ನನಗೆ ಫೋನಿನಲ್ಲೇ ಓದಿ ಹೇಳಿದಳು. ಹೆಸರು ಅಳಿಸಿಹೋದ ಆಸಿಡ್ ಬಾಟಲಿ, ಖಾಲಿ. ಪ್ಲಾಸ್ಟಿಕ್ ಹೂ ಸಿಕ್ಕಿಸಿದ ಟೆಸ್ಟ್ ಟ್ಯೂಬು. ಒಳ್ಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಮೈಕ್ರೋಸ್ಕೋಪು. ಅದು ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ ಆಚೆ ಬರುತ್ತದಂತೆ. ಮೇಲೆ ವಿಭೂತಿ ಪಟ್ಟೆ, ಕೆಳಗೆ ಲೆನ್ಸಿನ ನಟ್ಟನಡುವೆ ಕುಂಕುಮ.

ಇದರಲ್ಲೊಂದು ನ್ಯಾಯವಿದೆ ನೋಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ 2024ರಿಂದ ವೆಬ್‌ಕಾಸ್ಟಿಂಗ್ ಬಂದಿದೆ. ಮಕ್ಕಳು ಕಾಪಿ ಹೊಡೆಯುವುದನ್ನು ನೋಡಲು ಲೆನ್ಸ್ ಉಂಟು. ಈರುಳ್ಳಿ ಪೊರೆ ನೋಡುವ ಲೆನ್ಸಿಗೆ ಕುಂಕುಮ ಉಂಟು.

ಅವಳು ಸುಮ್ನೆ ಕೂರುವ ಪೈಕಿ ಅಲ್ಲ. ಸೀದಾ ಬಿಸಿಯೂಟದ ಕೋಣೆಗೆ ಹೋದಳು. ಅಡುಗೆಯ ಅಕ್ಕ ಈರುಳ್ಳಿ ಕೊಟ್ಟರು, ಅರಿಶಿನ ಕೊಟ್ಟರು. ಮೊಟ್ಟೆ ಕೊಡಲಿಲ್ಲ, ಅದಕ್ಕೆ ರಿಜಿಸ್ಟರ್ ಇದೆ. "ಸಿಪ್ಪೆಗೆ ಲೆಕ್ಕ ಇಲ್ಲ, ಎಷ್ಟು ಬೇಕೋ ಬಾಚ್ಕೊಳ್ಳಿ ಮಿಸ್ಸೇ" ಅಂದರು. ಕೊನೆಗೆ ತಮ್ಮ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿಯನ್ನೂ ತೆಗೆದುಕೊಟ್ಟರು. ನಿಂಬೆಹಣ್ಣಿನ ರಸಕ್ಕೆ ಮೊಟ್ಟೆಸಿಪ್ಪೆ ಬಿದ್ದು ಗುಳ್ಳೆ ಎದ್ದಿತು. ಸುಣ್ಣದ ತಿಳಿನೀರಿಗೆ ಹುಡುಗನೊಬ್ಬ ಸ್ಟ್ರಾ ಹಾಕಿ ಊದಿದ, ನೀರು ಹಾಲಾಯಿತು. ಆಮೇಲೆ ಅರಿಶಿನಕ್ಕೆ ಒಂದು ಚಿಟಿಕೆ ಸುಣ್ಣ ಬಿತ್ತು. ಹಳದಿ ಹೋಗಿ ಕೆಂಪು.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಇದು ಮೈಕ್ರೋಸ್ಕೋಪಿಗೆ ಹಚ್ಚಿದ್ದಲ್ವಾ?"

ಅಷ್ಟು ಹೊತ್ತಿಗೆ ಸರಿಯಾಗಿ ಕಾಲೇಜಿನಿಂದ ಮೇಲ್ವಿಚಾರಕರು ಬಂದರು. ಹಿಂದೆ ಕೂತರು. ಗುಳ್ಳೆ ನೋಡಲಿಲ್ಲ, ಕೆಂಪು ನೋಡಲಿಲ್ಲ, ಪಾಠ ಯೋಜನೆಯ ಪುಸ್ತಕ ತೆರೆದರು. ಬಿಎಡ್‌ನವರ ಲೋಕದಲ್ಲಿ ಪಾಠಕ್ಕೆ ಐದು ಮೆಟ್ಟಿಲು, 5ಇ ಅಂತ ಹೆಸರು. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಮಕ್ಕಳು ತೊಡಗಿಸಿಕೊಂಡಿದ್ದರು ನಿಜ, ಆದರೆ ಆ ಕಲಂನಲ್ಲಿ ಬರೆದಿರಲಿಲ್ಲ. ಅನ್ವೇಷಣೆ ನಡೆದಿತ್ತು, ಕಲಂ ಖಾಲಿ. "ಚಾರ್ಟ್ ಎಲ್ಲಿ?" ಅಂದರು. ಚಾರ್ಟ್ ಇತ್ತು. "ಬಾರ್ಡರ್ ಎಲ್ಲಿ?" ಅಂದರು. ಬಾರ್ಡರ್ ಇರಲಿಲ್ಲ. 10ಕ್ಕೆ 6.

ಮಾರನೇ ದಿನದಿಂದ ಹೆಡ್‌ಮಾಸ್ಟರು ಅವಳನ್ನು ಆಫೀಸಿಗೆ ಕರೆದರು. ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ವಿವರ ತುಂಬಬೇಕಿತ್ತು, ಸರ್ವರ್ ಬೆಳಿಗ್ಗೆ ಮಾತ್ರ ಓಡುತ್ತಿತ್ತು, ವಿಜ್ಞಾನದ ಪೀರಿಯಡ್ಡೂ ಬೆಳಿಗ್ಗೆಯೇ. ಆಧಾರ್‌ನಲ್ಲೊಂದು ಹೆಸರು, ದಾಖಲಾತಿಯಲ್ಲೊಂದು ಹೆಸರು. ಎರಡನ್ನೂ ಹೊಂದಿಸುವುದರಲ್ಲಿ ಅವಳು ಎಷ್ಟು ಪಳಗಿದಳೆಂದರೆ ಪಕ್ಕದ ಶಾಲೆಯಿಂದಲೂ ಫೋನ್ ಬರುತ್ತಿತ್ತು.

16 ವಾರ ಮುಗಿಯಿತು. ಮಕ್ಕಳು ಪೆನ್ನು ಕೊಟ್ಟರು, ಅಡುಗೆಯ ಅಕ್ಕ ಎಲೆಅಡಿಕೆ ಕೊಟ್ಟರು. ಮೈಕ್ರೋಸ್ಕೋಪು ರೇಷ್ಮೆ ಬಟ್ಟೆಯೊಳಗೆ ಹೋಯಿತು. ಹೆಡ್‌ಮಾಸ್ಟರು ಕಾಲೇಜಿಗೆ ಬರೆದ ಅಭಿಪ್ರಾಯದ ಫೋಟೋವನ್ನು ಅವಳು ನನಗೆ ಕಳಿಸಿದಳು.

"ಪ್ರಶಿಕ್ಷಣಾರ್ಥಿ ತುಂಬಾ ಚುರುಕು. ಕಂಪ್ಯೂಟರ್ ಚೆನ್ನಾಗಿ ಬರುತ್ತದೆ. ಮುಂದಿನ ವರ್ಷವೂ ಇಂಥವರನ್ನೇ ಕಳಿಸಿ. ವಿಷಯ ಯಾವುದಾದರೂ ಆಗಬಹುದು."

ಕೆಳಗೊಂದು ಸಾಲು ನನ್ನ ಸೊಸೆಯದು: "ಮಾವ, ಇದಕ್ಕೆ 10ಕ್ಕೆ 10 ಕೊಟ್ಟಿದ್ದಾರೆ."